ಸಿಳ್ಳೆ ಮೇಸ್ತ್ರಿಯ ಅರ್ಧ ಬಾಯಿ

ಒಂದು ಸಂಜೆ ಸಿಳ್ಳೆ ಮೇಸ್ತ್ರಿ ತನ್ನ ಮನೆಯ ಬಾಗಿಲು ತಟ್ಟಿದ. ಒಳಗಿನಿಂದ ಹೆಂಡತಿ, "ಯಾರು?" ಅಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನನ್ನು ಅವಳು ಹಾಗೆ ಕೇಳಿದ್ದು ಅದೇ ಮೊದಲು. ಕೇಳಿದ ಮೇಲೆ ಅವಳಿಗೇ ಒಂಥರಾ ಆಯಿತು.

ಆ ಮನೆಯಲ್ಲಿ ಬಾಗಿಲು ತಟ್ಟುವ ಪದ್ಧತಿಯೇ ಇರಲಿಲ್ಲ. ಗಾರೆ ಕೆಲಸ ಮುಗಿಸಿ ಬರುವ ಮೇಸ್ತ್ರಿ ಬೀದಿಯ ತಿರುವಿನಲ್ಲೇ ಒಂದು ಸಿಳ್ಳೆ ಹೊಡೆಯುತ್ತಿದ್ದ. ಬೆರಳಿಟ್ಟು ಹೊಡೆಯುವ ಸಿಳ್ಳೆಯಲ್ಲ ಅದು. ಗಾರೆ ಮೆತ್ತಿದ ಬೆರಳನ್ನು ಯಾರು ಬಾಯಿಗಿಡುತ್ತಾರೆ? ನಾಲಿಗೆಯ ತುದಿಯನ್ನು ಕೆಳಗಿನ ಮುಂದಿನ ಹಲ್ಲಿಗೆ ಒತ್ತಿ, ತುಟಿ ಬಿಗಿಹಿಡಿದು ಊದಿದರೆ ಸಾಕು, ಬೀದಿಯ ಇನ್ನೊಂದು ತುದಿಯಲ್ಲಿ ಮಲಗಿದ್ದ ನಾಯಿ ಕಿವಿ ನಿಮಿರಿಸುತ್ತಿತ್ತು. ಸಿಳ್ಳೆ ಕೇಳಿದ ಕೂಡಲೇ ಹೆಂಡತಿ ಟೀಗೆ ನೀರಿಟ್ಟು ಚಿಲಕ ತೆಗೆಯುತ್ತಿದ್ದಳು. ಅಕ್ಕಪಕ್ಕದ ಮನೆಯವರು ಅದನ್ನು ಕೇಳಿ ಹೊತ್ತಾಯಿತೆಂದು ಒಣಗಿದ ಬಟ್ಟೆ ಒಳಗೆ ತರುತ್ತಿದ್ದರು.

ಈಗ ಕೆಲವು ತಿಂಗಳಿಂದ ಆ ಸಿಳ್ಳೆ ಸರಿಯಾಗಿ ಬರುತ್ತಿರಲಿಲ್ಲ. ಕೆಳಗಿನ ಮುಂದಿನ ಹಲ್ಲೊಂದು ಅಲ್ಲಾಡತೊಡಗಿ, ಅದರ ಪಕ್ಕ ಸಂದು ಬಿಟ್ಟಿತ್ತು. ಊದಿದರೆ ಅರ್ಧ ಸಿಳ್ಳೆ, ಅರ್ಧ ಬರೀ ಗಾಳಿ. ಬೆಳಿಗ್ಗೆ ಹಲ್ಲುಜ್ಜಿ ಉಗುಳಿದರೆ ಬಚ್ಚಲು ಕೆಂಪು. ಸೇಬು ಕಚ್ಚಿದರೆ ಅದರ ಮೇಲೂ ರಕ್ತದ ಗುರುತು. ಇದಕ್ಕೆ ಮೇಸ್ತ್ರಿ ತನಗೆ ತೋಚಿದ ಪರಿಹಾರವನ್ನು ಕಂಡುಕೊಂಡಿದ್ದ. ರಕ್ತ ಬರುವ ಕಡೆ ಉಜ್ಜುವುದನ್ನೇ ಬಿಟ್ಟುಬಿಟ್ಟಿದ್ದ. ಉಜ್ಜದಿದ್ದರೆ ರಕ್ತ ಕಾಣುವುದಿಲ್ಲ, ಕಾಣದಿದ್ದರೆ ವಾಸಿಯಾದಂತೆಯೇ ಎಂಬುದು ಅವನ ಲೆಕ್ಕ. ಎದುರು ನಿಂತು ಮಾತಾಡುವವರು ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ಮಾತ್ರ ಅವನು ತನ್ನ ಹಿರಿತನಕ್ಕೆ ಕೊಡುವ ಮರ್ಯಾದೆ ಎಂದುಕೊಂಡಿದ್ದ.

ಮೇಸ್ತ್ರಿಗೆ ಒಬ್ಬಳು ನಾದಿನಿ, ಹೆಂಡತಿಯ ತಂಗಿ. ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ ಪಕ್ಕ ನಿಂತು ಕೆಲಸ ಮಾಡುವವಳು. ಯಾರ ಮನೆಗೆ ಹೋದರೂ ಅವಳ ಕಣ್ಣು ಮೊದಲು ಹೋಗುವುದು ಎದುರಿಗಿರುವವರ ಬಾಯಿಗೆ. ಅದಕ್ಕೇ ಮೇಸ್ತ್ರಿ ಅವಳಿಗೆ ಇನ್‌ಸ್ಪೆಕ್ಟರಮ್ಮ ಎಂದು ಹೆಸರಿಟ್ಟಿದ್ದ. ಅವನು ಬಾಗಿಲು ತಟ್ಟಿದ ವಾರದ ಭಾನುವಾರ ಬಂದವಳು ಅಕ್ಕನಿಂದ ಸಿಳ್ಳೆಯ ಸುದ್ದಿ ಕೇಳಿ, ಭಾವನನ್ನು ಕಿಟಕಿಯ ಬೆಳಕಿಗೆ ಎಳೆದು ಕೂರಿಸಿದಳು.

"ಆ ಅನ್ನಿ, ಭಾವ."

"ವಾರಂಟ್ ಇದೆಯಾ, ಇನ್‌ಸ್ಪೆಕ್ಟರಮ್ಮ?"

"ಅಕ್ಕನೇ ಸಹಿ ಹಾಕಿದ್ದಾಳೆ. ಬಾಯಿ ತೆಗೀರಿ."

ಫೋನಿನ ಬೆಳಕು ಬಿಟ್ಟು ನೋಡಿದಳು. ಒಸಡು ಕೆಂಪಗೆ ಊದಿಕೊಂಡಿತ್ತು. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಹಳದಿ ಬಣ್ಣದ ಕಲ್ಲು ಸಾಲಾಗಿ ಕಟ್ಟಿಕೊಂಡು, ಹಲ್ಲು ಯಾವುದು ಕಲ್ಲು ಯಾವುದು ತಿಳಿಯದಂತಾಗಿತ್ತು. ಇದನ್ನು ತೆಗೆಸಬೇಕು ಭಾವ, ಒಸಡಿನ ಒಳಗಿನವರೆಗೂ ಆಳವಾಗಿ ಕ್ಲೀನಿಂಗ್ ಮಾಡಿಸಬೇಕು ಅಂದಳು.

ಮೇಸ್ತ್ರಿ ಬಾಯಿಯನ್ನು ಟಪ್ಪನೆ ಮುಚ್ಚಿಕೊಂಡ. ಆ ಕಲ್ಲು ಅವನಿಗೆ ಹೊಸದಲ್ಲ. ಗಡ್ಡ ಹೆರೆಯುವ ಕನ್ನಡಿಯಲ್ಲಿ ಎಷ್ಟೋ ಸಲ ನೋಡಿದ್ದ. ಉಗುರಿನಲ್ಲಿ ಕೆರೆದರೂ ಜಗ್ಗಿರಲಿಲ್ಲ. ಇಷ್ಟು ಗಟ್ಟಿ ಕೆಲಸ ತನ್ನ ಕೈಯಲ್ಲೂ ಎಲ್ಲ ಸಲ ಆಗುವುದಿಲ್ಲವಲ್ಲ ಎಂದು ಒಳಗೊಳಗೇ ಮೆಚ್ಚಿಕೊಂಡೂ ಇದ್ದ.

"ಅದನ್ನ ಮುಟ್ಟೋ ಮಾತೇ ಬೇಡ," ಅಂದ. "ಹಲ್ಲು ಅಂದ್ರೆ ಇಟ್ಟಿಗೆ. ಅದರ ಸಂದಿನಲ್ಲಿ ಕೂತಿರೋದು ಗಾರೆ. ಗಾರೆ ಕಿತ್ತು ಹಾಕಿದ್ರೆ ಇಟ್ಟಿಗೆ ನಿಲ್ಲುತ್ತಾ? ಒಂದು ಆಗ್ಲೇ ಅಲ್ಲಾಡ್ತಿದೆ. ಆ ಗಾರೆ ಹಿಡ್ಕೊಂಡಿರೋದಕ್ಕೇ ಅದು ಇನ್ನೂ ಬಾಯಲ್ಲಿದೆ."

ಇದಕ್ಕೆ ಅವನ ಬಳಿ ಸಾಕ್ಷಿಯೂ ಇತ್ತು. ಅವನ ಅಣ್ಣ ಹಿಂದೊಮ್ಮೆ ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದ ಸ್ವಲ್ಪ ದಿನಕ್ಕೇ ಮೂರು ಹಲ್ಲು ಕಳೆದುಕೊಂಡಿದ್ದ. ಅಂದಿನಿಂದ ಅಣ್ಣ ಸಿಕ್ಕವರಿಗೆಲ್ಲ ಅದೇ ಕಥೆ ಹೇಳುತ್ತಿದ್ದ.

ನಾದಿನಿ ನಗುತ್ತಲೇ ಕೇಳಿಸಿಕೊಂಡಳು. ಅಣ್ಣನ ಮಾತು ಬಂದಾಗ ಮಾತ್ರ ನಗು ನಿಲ್ಲಿಸಿದಳು. "ದೊಡ್ಡ ಭಾವ ಬಂದಾಗ ನಾನು ಅಲ್ಲೇ ಇದ್ದೆ. ಆ ಮೂರು ಹಲ್ಲು ಬರುವಾಗಲೇ ತೂಗಾಡ್ತಾ ಇದ್ವು. ಕೆಳಗಿನ ಮೂಳೆ ಕರಗಿ ಹೋಗಿತ್ತು. ಕ್ಲೀನಿಂಗ್ ಮಾಡಿಸಿದ್ದಕ್ಕೆ ಬಿದ್ದಿದ್ದಲ್ಲ ಭಾವ, ತಡ ಮಾಡಿದ್ದಕ್ಕೆ ಬಿದ್ದಿದ್ದು."

ಆಮೇಲೆ ಅವಳು ಸಮಾಧಾನವಾಗಿ ಬಿಡಿಸಿ ಹೇಳಿದಳು. ದಿನವೂ ಹಲ್ಲಿನ ಮೇಲೆ ಮೆತ್ತಗಿನ ಪಾಚಿ ಕಟ್ಟುತ್ತದೆ. ಚೆನ್ನಾಗಿ ಉಜ್ಜಿದರೆ ಹೋಗುತ್ತದೆ, ಉಜ್ಜದೆ ಬಿಟ್ಟರೆ ಕಲ್ಲಾಗುತ್ತದೆ. ಆ ಕಲ್ಲಿನ ಮೇಲೆ ಇನ್ನಷ್ಟು ರೋಗಾಣುಗಳು ಮನೆ ಮಾಡಿಕೊಳ್ಳುತ್ತವೆ. ಒಸಡು ಊದಿಕೊಂಡು ರಕ್ತ ಒಸರುತ್ತದೆ, ಬರಬರುತ್ತಾ ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಜೇಬಿನಂತೆ ಸಂದಾಗುತ್ತದೆ. ಬ್ರಷ್ಷಿನ ಎಳೆ ಹೋಗದ ಆ ಜೇಬಿನೊಳಕ್ಕೂ ಕಲ್ಲು ಇಳಿಯುತ್ತದೆ. ಕೊನೆಗೆ ಹಲ್ಲನ್ನು ಹಿಡಿದಿರುವ ಮೂಳೆಯೇ ಸವೆಯುತ್ತದೆ. ಬಹಳ ಮಂದಿಗೆ ಇದೆಲ್ಲ ನೋವೇ ಇಲ್ಲದೆ ನಡೆದುಬಿಡುತ್ತದೆ. ಹಲ್ಲು ಅಲ್ಲಾಡಿದಾಗಲೇ ಅವರು ಎದ್ದು ಕೂರುವುದು.

"ನಿಮ್ಮ ಆಸ್ಪತ್ರೆಗೆ ಗಿರಾಕಿ ಬೇಕು, ಅದಕ್ಕೆ ಇಷ್ಟು ಕಥೆ," ಎಂದು ಮೇಸ್ತ್ರಿ ಎದ್ದ.

"ಗಿರಾಕಿಗಳು ಬೇಕಾದಷ್ಟಿದ್ದಾರೆ. ನಿಮ್ಮ ಸಿಳ್ಳೆ ನಮ್ಮಕ್ಕನಿಗೆ ಬೇಕಲ್ಲ, ಅದಕ್ಕೆ ಹೇಳಿದೆ," ಎಂದವಳೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಮೇಸ್ತ್ರಿ ಆ ಮಾತನ್ನು ಕಿವಿಗೆ ಹಾಕಿಕೊಳ್ಳದವನಂತೆ ಗಾರೆ ಹಚ್ಚುವ ಕರಣೆ ಒರೆಸುತ್ತಾ ಕೂತ.

ಆ ದಿನಗಳಲ್ಲಿ ಮೇಸ್ತ್ರಿಗೆ ಒಂದು ಹಳೆಯ ಅಂಗಡಿಯ ರಿಪೇರಿ ಕೆಲಸ ಸಿಕ್ಕಿತ್ತು. ಮೇಲೆ ಅಟ್ಟಣಿಗೆಯಲ್ಲಿ ಮೇಸ್ತ್ರಿ, ಕೆಳಗೆ ರಾಟೆಯ ಹಗ್ಗ ಹಿಡಿದು ಅವನ ಹಳೆಯ ಜೊತೆಗಾರ. ಇಬ್ಬರ ನಡುವೆ ಮಾತಿಲ್ಲ, ಎಲ್ಲ ಸಿಳ್ಳೆಯಲ್ಲೇ. ಉದ್ದಕ್ಕೆ ಒಂದು ಸಿಳ್ಳೆ ಅಂದರೆ ಗಾರೆ ಕಳಿಸು. ಗಿಡ್ಡವಾಗಿ ಎರಡು ಅಂದರೆ ಇಟ್ಟಿಗೆ. ಮೂರು ಅಂದರೆ ನಿಲ್ಲಿಸು. ಮೇಲಿನವನಿಗೆ ಕೆಳಗೆ ಬಗ್ಗಿ ಕೂಗುವ ಕಷ್ಟವಿಲ್ಲ, ಕೆಳಗಿನವನಿಗೆ ಕತ್ತೆತ್ತಿ ನೋಡುವ ಕಷ್ಟವಿಲ್ಲ.

ಒಂದು ಬೆಳಿಗ್ಗೆ ಮೇಸ್ತ್ರಿ ಗಾರೆ ಕೇಳಿದರೆ ಇಟ್ಟಿಗೆ ಬಂತು. ಉದ್ದದ ಸಿಳ್ಳೆ ನಡುವೆ ಮುರಿದು ಎರಡಾಗಿತ್ತು. ಮತ್ತೆ ಕೇಳಿದ, ಮತ್ತೆ ಇಟ್ಟಿಗೆ. ಅಟ್ಟಣಿಗೆಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಇಟ್ಟಿಗೆ ಬಂದು ಕೂತಿತು. ಮೂರನೆಯ ಸಲ ಅಂತೂ ಗಾರೆಯ ಬಕೆಟ್ಟು ಬಂತು, ಆದರೆ ಅದು ಕೈಗೆಟುಕುವಷ್ಟು ಮೇಲೆ ಬಂದರೂ ಜೊತೆಗಾರ ಹಗ್ಗ ಎಳೆಯುತ್ತಲೇ ಇದ್ದ. ಮೇಸ್ತ್ರಿ ನಿಲ್ಲಿಸು ಎಂದು ಊದಿದ. ಬಂದದ್ದು ಬರೀ ಗಾಳಿ. ಬಕೆಟ್ಟು ರಾಟೆಗೆ ಬಡಿದು ವಾಲಿ, ಅಷ್ಟೂ ಹಸಿ ಗಾರೆ ಕೆಳಗಿದ್ದ ಕುರ್ಚಿಯ ಮೇಲೆ ದೊಪ್ಪೆಂದು ಬಿತ್ತು. ಆ ಕುರ್ಚಿಯಲ್ಲಿ ಅಷ್ಟು ಹೊತ್ತೂ ಕೂತು ಕೆಲಸ ನೋಡುತ್ತಿದ್ದ ಅಂಗಡಿ ಯಜಮಾನರು ಫೋನ್ ಬಂತೆಂದು ಆಗಷ್ಟೇ ಒಳಗೆ ಎದ್ದು ಹೋಗಿದ್ದರು.

ಕೆಳಗಿದ್ದವರೆಲ್ಲ ಕುರ್ಚಿಗೆ ಗಾರೆ ಹಚ್ಚಿದ್ದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರೂ ನಕ್ಕರು. ಮೇಸ್ತ್ರಿಗೆ ಮಾತ್ರ ನಗು ಬರಲಿಲ್ಲ. ಅವರು ಫೋನಿಗೆ ಏಳದೆ ಅಲ್ಲೇ ಕೂತಿದ್ದರೆ ಎಂದು ನೆನೆದೇ ಅವನು ಕರಣೆ ಕೆಳಗಿಟ್ಟ. ಅಟ್ಟಣಿಗೆಯಿಂದ ಇಳಿದು, ಸ್ವಲ್ಪ ಹೊತ್ತು ಮರಳಿನ ರಾಶಿಯ ಮೇಲೆ ಕೂತ.

ಟೀ ಕುಡಿದ ಮೇಲೆ ಯಜಮಾನರು ಹಿಂದಿನ ಗೋಡೆ ತೋರಿಸಿದರು. ಕೆಳಭಾಗದ ಗಾರೆ ತೇವ ಹಿಡಿದು ಉಬ್ಬಿತ್ತು. ಅದರ ಮೇಲೆಯೇ ಒಂದು ಕೈ ಹೊಸ ಗಾರೆ ಎಳೆದು ಬಣ್ಣ ಹೊಡೆದರೆ ಸಾಕಲ್ಲ ಅಂದರು. ಮೇಸ್ತ್ರಿ ಬೆರಳ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ಕುಟ್ಟಿ ಕಿವಿಗೊಟ್ಟ.

"ಒಳಗೆ ಟೊಳ್ಳು, ಯಜಮಾನ್ರೇ. ಮೇಲೆ ಎಷ್ಟು ಹಚ್ಚಿದ್ರೂ ನಿಲ್ಲಲ್ಲ. ಉಪ್ಪು ಹಿಡಿದಿರೋದನ್ನೆಲ್ಲ ಕೆರೆದು ತೆಗೀಬೇಕು, ಗಟ್ಟಿ ಇಟ್ಟಿಗೆ ಸಿಗೋವರೆಗೂ."

"ಹಾಗೆ ಕೆರೆದ್ರೆ ಗೋಡೆನೇ ಸಡಿಲ ಆಗಲ್ವಾ?"

"ಗೋಡೆ ನಿಂತಿರೋದು ತಳಪಾಯದ ಮೇಲೆ. ಈ ಉಬ್ಬಿದ ಗಾರೆ ಮೇಲಲ್ಲ. ಇದು ಗೋಡೆನ ಹಿಡ್ಕೊಂಡಿಲ್ಲ, ತಿಂತಾ ಇದೆ."

ಹೇಳಿ ಮುಗಿಸುವಷ್ಟರಲ್ಲಿ ಅವನ ನಾಲಿಗೆ ತಾನಾಗಿಯೇ ಕೆಳಗಿನ ಹಲ್ಲಿನ ಹಿಂದಕ್ಕೆ ಹೋಯಿತು. ಅಲ್ಲಿ ಆ ಕಲ್ಲು ಒರಟೊರಟಾಗಿ ತಾಗಿತು. ಮೇಸ್ತ್ರಿ ಗೋಡೆಯನ್ನೇ ನೋಡುತ್ತಾ ನಿಂತುಬಿಟ್ಟ. ಯಜಮಾನರು ಇನ್ನೇನೋ ಕೇಳುತ್ತಿದ್ದರು, ಅವನಿಗೆ ಕೇಳಿಸಲಿಲ್ಲ. ನಾದಿನಿ ಹೇಳಿದ್ದೂ ಇದನ್ನೇ ಅಲ್ಲವೇ, ಅದೂ ತನಗಿಂತ ಸಮಾಧಾನವಾಗಿ.

ಆ ಸಂಜೆಯೂ ಅವನು ಬಾಗಿಲು ತಟ್ಟಿಯೇ ಒಳಗೆ ಬಂದ. ಚಪ್ಪಲಿ ಬಿಡುತ್ತಾ, ಹೆಂಡತಿಯ ಮುಖ ನೋಡದೆ, "ನಿನ್ನ ತಂಗಿಗೆ ಒಂದು ಫೋನ್ ಮಾಡು," ಅಂದ.

ಹಲ್ಲಿನ ಡಾಕ್ಟರು ಮೆಲುಮಾತಿನ ಹೆಂಗಸು. ಬಾಯಿ ನೋಡುವ ಮೊದಲು ಒಂದಷ್ಟು ಪ್ರಶ್ನೆ ಕೇಳಿದರು. ಸಕ್ಕರೆ ಕಾಯಿಲೆ ಇದೆಯೇ, ಬಿಪಿ, ಹೃದಯದ ತೊಂದರೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ ಎಂದೆಲ್ಲ. ಸಕ್ಕರೆ ಹೆಚ್ಚಿದ್ದರೆ ಒಸಡಿನ ಕಾಯಿಲೆ ಜೋರಾಗುತ್ತದೆ, ಒಸಡು ಕೆಟ್ಟರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ, ಅದಕ್ಕೇ ರಕ್ತ ಪರೀಕ್ಷೆ ಮಾಡಿಸಿ ಎಂದರು. ಸಿಗರೇಟು ಸೇದುತ್ತೀರಾ ಎಂದಾಗ ಮೇಸ್ತ್ರಿ, ಟೀ ಜೊತೆಗೆ ಒಂದೊಂದು ಅಷ್ಟೇ ಅಂದ.

"ದಿನಕ್ಕೆ ಎಷ್ಟು ಟೀ ಅನ್ನೋದನ್ನೂ ಹೇಳಿ," ಎಂದು ಮೂಲೆಯಲ್ಲಿ ಕೂತ ಹೆಂಡತಿ ಅಂದಳು. ಮೇಸ್ತ್ರಿ ಕೇಳದವನಂತೆ ಬಾಯಿ ದೊಡ್ಡದಾಗಿ ತೆರೆದ.

ಎಕ್ಸ್‌ರೇ ಆಯಿತು. ಆಮೇಲೆ ಡಾಕ್ಟರು ಗೆರೆಗಳಿರುವ ಒಂದು ಸಣ್ಣ ಕಡ್ಡಿಯನ್ನು ಒಸಡು ಮತ್ತು ಹಲ್ಲಿನ ನಡುವೆ ಮೆಲ್ಲಗೆ ಇಳಿಸಿ ಅಳತೆ ಹೇಳುತ್ತಾ ಹೋದರು. ನಾದಿನಿ ಬರೆದುಕೊಳ್ಳುತ್ತಾ ಹೋದಳು. ಮೂರು, ಐದು, ಐದು, ಆರು. ಅಳತೆ ಎಂದ ಕೂಡಲೇ ಮೇಸ್ತ್ರಿಯ ಮುಖಕ್ಕೆ ಸ್ವಲ್ಪ ಕಳೆ ಬಂತು. ಅಳೆಯದೆ ಕೆಲಸಕ್ಕೆ ಕೈ ಹಾಕುವವರನ್ನು ಕಂಡರೆ ಅವನಿಗೆ ಆಗುವುದಿಲ್ಲ. ಎಷ್ಟಿರಬೇಕು ಎಂದು ಕೇಳಿದ. ಮೂರು ಮಿಲಿಮೀಟರಿನೊಳಗೆ ಇದ್ದರೆ ಒಳ್ಳೆಯದು, ಅದಕ್ಕಿಂತ ಆಳವಾದರೆ ಬ್ರಷ್ಷು ಮುಟ್ಟುವುದಿಲ್ಲ ಎಂದರು ಡಾಕ್ಟರು. ಅಲ್ಲಾಡುವ ಹಲ್ಲಿನ ಬಳಿ ಕಡ್ಡಿ ಆರರವರೆಗೂ ಇಳಿದಿತ್ತು. ಆ ಹಲ್ಲು ಇದ್ದದ್ದು ಬಾಯಿಯ ಎಡ ಅರ್ಧದಲ್ಲಿ.

"ಡಾಕ್ಟ್ರೇ, ಇದು ಉಳಿಯುತ್ತಾ?" ಎಂದು ಮೇಸ್ತ್ರಿ ಕೇಳಿದ. ಅವನ ದನಿ ಯಾಕೋ ಸಣ್ಣಗಾಗಿತ್ತು.

"ಈಗಲೇ ಮಾತು ಕೊಡಲ್ಲ, ಮೇಸ್ತ್ರಿ. ಹೋದ ಮೂಳೆಯನ್ನ ಈ ಕ್ಲೀನಿಂಗ್ ವಾಪಸ್ ತರಲ್ಲ. ಆದ್ರೆ ಅರ್ಧಕ್ಕಿಂತ ಹೆಚ್ಚು ಇನ್ನೂ ಇದೆ. ಒಳಗಿನ ಕಲ್ಲು ತೆಗೆದು ಬೇರನ್ನ ನುಣುಪು ಮಾಡಿದ್ರೆ ಒಸಡು ಮತ್ತೆ ಹಲ್ಲಿಗೆ ಬಿಗಿಯಾಗಿ ಕೂತ್ಕೊಳ್ಳುತ್ತೆ. ಆಗ ಹಲ್ಲೂ ಬಿಗಿಯಾಗಬಹುದು."

ಬೇರೆಯವರು ಕಟ್ಟಿದ ಗೋಡೆಗೆ ಗ್ಯಾರಂಟಿ ಕೊಡುವ ಮೇಸ್ತ್ರಿಯನ್ನು ನಂಬಬಾರದು ಎಂದು ಅವನೇ ಎಷ್ಟೋ ಸಲ ಹೇಳಿದ್ದ. ಹಾಗಾಗಿ ಡಾಕ್ಟರ ಮಾತು ಅವನಿಗೆ ಹಿಡಿಸಿತು. ಕೆಲಸ ಎರಡು ಸಲಕ್ಕೆ, ಇವತ್ತು ಬಲಗಡೆ ಅರ್ಧ ಬಾಯಿ, ಮುಂದಿನ ವಾರ ಎಡಗಡೆ ಅರ್ಧ ಎಂದು ಅವರು ವಿವರಿಸಿದರು. ಮೊದಲು ಒಸಡು ಮರಗಟ್ಟಿಸುವ ಇಂಜೆಕ್ಷನ್, ಇರುವೆ ಕಡಿದಷ್ಟು ಚುರುಕು. ಆಮೇಲೆ ಒತ್ತಿದ್ದು, ಅದುರಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗಬಾರದು. ಗೊತ್ತಾದರೆ ಎಡಗೈ ಎತ್ತಿ, ತಕ್ಷಣ ನಿಲ್ಲಿಸುತ್ತೇನೆ ಎಂದರು. ಅಂದರೆ ನಮ್ಮ ಮೂರು ಸಿಳ್ಳೆ ಇದ್ದ ಹಾಗೆ ಎಂದುಕೊಂಡು ಮೇಸ್ತ್ರಿ ತಲೆ ಆಡಿಸಿದ.

ಕುರ್ಚಿ ಹಿಂದಕ್ಕೆ ವಾಲಿತು, ದೀಪ ಬಾಯಿಗೆ ಬಿತ್ತು. ತುಟಿ, ನಾಲಿಗೆಯ ಬಲಭಾಗ ನಿಧಾನವಾಗಿ ತನ್ನದಲ್ಲ ಅನ್ನಿಸತೊಡಗಿತು. ಆಮೇಲೆ ನೀರು ಚಿಮ್ಮುವ ಯಂತ್ರ ಗುಂಯ್‌ಗುಟ್ಟಿತು. ಪಕ್ಕದ ಬೀದಿಯಲ್ಲಿ ಯಾರೋ ಟೈಲ್ಸ್ ಕತ್ತರಿಸುತ್ತಿರುವಂಥ ಸದ್ದು. ಬಾಯಲ್ಲಿ ತುಂಬಿದ ನೀರನ್ನು ನಾದಿನಿ ಸಣ್ಣ ಕೊಳವೆಯಿಂದ ಎಳೆದು ತೆಗೆಯುತ್ತಿದ್ದಳು. ಮೇಸ್ತ್ರಿ ಎಡಗೈಯನ್ನು ಎತ್ತಲು ತಯಾರಾಗಿಯೇ ಇಟ್ಟುಕೊಂಡಿದ್ದ. ಒಂದೇ ಒಂದು ಸಲ ಎತ್ತಿದ. ಡಾಕ್ಟರು ಹೇಳಿದಂತೆಯೇ ನಿಲ್ಲಿಸಿ, ಇನ್ನೊಂದಿಷ್ಟು ಮದ್ದು ಕೊಟ್ಟು, ಕಾದು ಮುಂದುವರಿಸಿದರು. ಮತ್ತೆ ಎತ್ತುವ ಪ್ರಸಂಗ ಬರಲಿಲ್ಲ.

ಯಂತ್ರ ನಿಂತ ಮೇಲೆ ಡಾಕ್ಟರು ಕೊಕ್ಕೆಯಂಥ ಸಣ್ಣ ಸಲಕರಣೆ ತೆಗೆದುಕೊಂಡು ಒಸಡಿನ ಕೆಳಗೆ ಬೇರನ್ನು ಕೆರೆಯತೊಡಗಿದರು. ಮೊದಮೊದಲು ಕರಕರ ಸದ್ದು. ಬರಬರುತ್ತಾ ಸದ್ದು ಸಣ್ಣಗಾಗಿ, ಕೊನೆಗೆ ಸರಕ್ ಸರಕ್ ಎಂದು ಜಾರತೊಡಗಿತು. ಮೇಸ್ತ್ರಿಗೆ ಆ ಸದ್ದು ಪರಿಚಿತ. ಒರಟು ಗೋಡೆ ನುಣುಪಾದಾಗ ಕರಣೆ ಹೊರಡಿಸುವ ಸದ್ದೇ ಅದು. ಈ ಹೆಂಗಸಿಗೆ ಕೆಲಸ ಗೊತ್ತಿದೆ ಎಂದುಕೊಂಡು ಕಣ್ಣು ಮುಚ್ಚಿದ. ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯಿತು.

ಹೊರಗೆ ಬಂದವನೇ ಟೀ ಕೇಳಿದ. ಕೇಳಿದ್ದು ಯಾರಿಗೂ ತಿಳಿಯಲಿಲ್ಲ, ತುಟಿಯ ಬಲಭಾಗ ನಿದ್ದೆಯಲ್ಲಿತ್ತು. ಮೂರು ಸಲ ಹೇಳಿದ ಮೇಲೆ ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಮರಗಟ್ಟಿದ್ದು ಬಿಡುವವರೆಗೂ ಬಿಸಿ ಏನೂ ಬೇಡ, ಅಗಿಯುವುದೂ ಬೇಡ, ಗೊತ್ತಾಗದೆ ಕೆನ್ನೆ ಕಚ್ಚಿಕೊಂಡುಬಿಡುತ್ತೀರಿ ಎಂದು ನಾದಿನಿ ತಡೆದಳು. ಒಂದೆರಡು ದಿನ ಒಸಡು ನೋಯುತ್ತದೆ, ಎಂಜಲಲ್ಲಿ ಸ್ವಲ್ಪ ಕೆಂಪು ಕಾಣಬಹುದು, ಮೆತ್ತಗಿನ ಊಟ ಮಾಡಿ, ಡಾಕ್ಟರು ಬರೆದ ಮಾತ್ರೆ ತೆಗೆದುಕೊಳ್ಳಿ, ನಾಳೆಯಿಂದ ಉಗುರುಬೆಚ್ಚಗಿನ ಉಪ್ಪು ನೀರು ಮುಕ್ಕಳಿಸಿ, ಮೆತ್ತಗಿನ ಬ್ರಷ್ಷಿನಲ್ಲಿ ಹಗುರವಾಗಿ ಉಜ್ಜುವುದನ್ನು ಮಾತ್ರ ಬಿಡಬೇಡಿ ಎಂದಳು. ರಕ್ತ ನಿಲ್ಲದಿದ್ದರೆ, ಊತ ಹೆಚ್ಚಾದರೆ, ಜ್ವರ ಬಂದರೆ ಫೋನ್ ಮಾಡಿ ಎಂದೂ ಸೇರಿಸಿದಳು.

ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಮರುದಿನ ಬೆಳಿಗ್ಗೆ ತಣ್ಣೀರು ಬಾಯಿಗೆ ಹಾಕಿದವನು ಜುಮ್ಮೆಂದು ನಿಂತಲ್ಲೇ ಕುಣಿದ. ನಾಲಿಗೆಯಿಂದ ತಡವಿ ನೋಡಿದರೆ, ಬಲಗಡೆ ಹಲ್ಲು ಹಲ್ಲಿನ ನಡುವೆ ಸಂದು.

"ಗಾರೆ ಹೋಯ್ತು ಕಣೇ," ಎಂದು ಹೆಂಡತಿಯ ಮುಂದೆ ಬಂದು ನಿಂತ. ಮುಖ ಸಪ್ಪಗಾಗಿತ್ತು. "ಇದು ಗಟ್ಟಿ ಇದ್ದ ಕಡೆಯ ಗತಿ. ಇನ್ನು ಅಲ್ಲಾಡೋ ಹಲ್ಲು ಆ ಕಡೆ ಇದೆ. ಅದಕ್ಕೆ ಕೈ ಹಾಕಿದ್ರೆ ಅವತ್ತೇ ಬೀಳುತ್ತೆ. ನಾನು ಇನ್ನು ಹೋಗಲ್ಲ."

ದಿನ ಕಳೆದವು. ಎಡಗಡೆಯ ದಿನ ಹತ್ತಿರ ಬಂದಾಗ ನಾದಿನಿ ಫೋನ್ ಮಾಡಿದಳು. ಭಾವ ಬರುವುದಿಲ್ಲವೆಂದು ಅಕ್ಕನಿಂದ ಕೇಳಿ, ಫೋನನ್ನು ಅವರಿಗೇ ಕೊಡು ಎಂದಳು. ಊತ ಇಳಿದಿದೆ, ಸಂದಿನಲ್ಲಿ ತುಂಬಿಕೊಂಡಿದ್ದ ಕಲ್ಲು ಹೋಗಿದೆ, ಹಾಗಾಗಿ ಇದ್ದ ಜಾಗ ಈಗ ಕಾಣುತ್ತಿದೆ, ಜುಮ್ಮೆನ್ನುವುದು ಕೆಲವು ವಾರದಲ್ಲಿ ಕಡಿಮೆಯಾಗುತ್ತದೆ, ಅದಕ್ಕೆ ಬೇರೆ ಪೇಸ್ಟೂ ಇದೆ ಎಂದು ಹೇಳಿದಳು. ಮೇಸ್ತ್ರಿಗೆ ನಂಬಿಕೆ ಬರಲಿಲ್ಲ.

"ನನ್ನ ಮಾತು ನಂಬಬೇಡಿ, ಭಾವ. ಬಲಗಡೆ ಉಜ್ಜಿ ಉಗುಳಿ ನೋಡಿ. ಆಮೇಲೆ ಎಡಗಡೆ ಉಜ್ಜಿ ಉಗುಳಿ ನೋಡಿ. ಅಷ್ಟೇ," ಎಂದು ಫೋನ್ ಇಟ್ಟಳು.

ಮೇಸ್ತ್ರಿ ಬಚ್ಚಲಿಗೆ ಹೋದ. ಹೆಂಡತಿ ಬಾಗಿಲಿಗೆ ಒರಗಿ ನಿಂತಳು. ಬಲಗಡೆ ಉಜ್ಜಿ ಉಗುಳಿದ, ಬರೀ ಬಿಳಿ ನೊರೆ. ಎಡಗಡೆ ಉಜ್ಜಿ ಉಗುಳಿದ, ಕೆಂಪು. ಬಾಯಿ ತೊಳೆದು ಇನ್ನೊಮ್ಮೆ ಮಾಡಿದ. ಮತ್ತೆ ಹಾಗೆಯೇ ಬಂತು. ಅವನು ನೀರು ಹರಿಯುವುದನ್ನೇ ನೋಡುತ್ತಾ ನಿಂತ.

"ಒಂದು ಹೇಳ್ಲಾ?" ಅಂದಳು ಹೆಂಡತಿ. "ನೀವು ಬಾಗಿಲು ತಟ್ಟಿದ ದಿನ ನಾನು ಯಾರು ಅಂತ ಕೇಳ್ದೆ. ನನ್ನ ಗಂಡನ್ನೇ ಯಾರು ಅಂತ ಕೇಳೋ ಹಾಗಾಯ್ತಲ್ಲ ಅಂತ ಒಳಗೆ ಹೋಗಿ ಅತ್ತುಬಿಟ್ಟೆ. ಹಲ್ಲು ಹೋದ್ರೆ ಹೋಗ್ಲಿ ಅನ್ನೋಕೆ ನನಗೆ ಆಗಲ್ಲ. ಉಳಿಸೋ ದಾರಿ ಇದ್ದೂ ನೀವು ಕೈಕಟ್ಟಿ ಕೂತ್ರೆ ನನಗೆ ಸಿಟ್ಟು ಬರುತ್ತೆ."

ಅವಳು ಇಷ್ಟು ಮಾತನ್ನು ಒಟ್ಟಿಗೆ ಆಡುವವಳಲ್ಲ. ಮೇಸ್ತ್ರಿ ಬ್ರಷ್ ತೊಳೆದಿಟ್ಟ. ಅರ್ಧ ಗೋಡೆಗೆ ಗಾರೆ ಹಚ್ಚಿ ಅಟ್ಟಣಿಗೆ ಇಳಿದು ಹೋದವನು ಎಂಬ ಹೆಸರನ್ನು ಅವನು ಇಷ್ಟು ವರ್ಷದ ಕೆಲಸದಲ್ಲಿ ಯಾವತ್ತೂ ತೆಗೆದುಕೊಂಡಿರಲಿಲ್ಲ. ತನ್ನ ಬಾಯಿಯ ವಿಷಯದಲ್ಲಿ ತೆಗೆದುಕೊಳ್ಳುವುದೂ ಬೇಡ ಅನ್ನಿಸಿತು. ಹೋಗೋಣ ಅಂದ.

ಎಡಗಡೆಯದೂ ಆಯಿತು. ಅಲ್ಲಾಡುವ ಹಲ್ಲಿನ ಹಿಂದಿನ ಕಲ್ಲು ಕಿತ್ತು ಬಂದಾಗ ಮೇಸ್ತ್ರಿಯ ಜೀವ ಬಾಯಿಗೆ ಬಂದಿತ್ತು. ಹಲ್ಲು ಬೀಳಲಿಲ್ಲ. ಡಾಕ್ಟರು ಆ ಕಲ್ಲಿನ ಚೂರನ್ನು ತಟ್ಟೆಯಲ್ಲಿಟ್ಟು ತೋರಿಸಿದರು. ಮೇಲೆ ಹಳದಿ, ಒಸಡಿನೊಳಗೆ ಇದ್ದ ಭಾಗ ಕಪ್ಪು. ಇಷ್ಟು ದಿನ ತಾನು ಮೆಚ್ಚಿಕೊಂಡಿದ್ದ ಗಾರೆ ಇದೇನಾ ಎಂದು ಮೇಸ್ತ್ರಿ ಮುಖ ಕಿವುಚಿದ. ಅಂದು ನಾದಿನಿ ಅವನಿಗೆ ಬ್ರಷ್ ಹಿಡಿಯುವುದನ್ನು ಹೊಸದಾಗಿ ಕಲಿಸಿದಳು. ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಇಟ್ಟು, ಒತ್ತದೆ, ಸಣ್ಣಸಣ್ಣಗೆ ಆಡಿಸಬೇಕು. ಹಲ್ಲಿನ ಸಂದಿಗೆ ಬೇರೆಯೇ ಪುಟ್ಟ ಬ್ರಷ್. ಮೂಲೆ ಮುಗಿಸುವ ಕೆಲಸಕ್ಕೆ ಸಣ್ಣ ಕರಣೆ ಇದ್ದ ಹಾಗಿದೆ ಎಂದು ಅವನಿಗೆ ಅದು ಬಹಳ ಇಷ್ಟವಾಯಿತು. ಸಿಗರೇಟು ಬಿಡುವುದು ಅಷ್ಟು ಸುಲಭವಾಗಲಿಲ್ಲ. ಗೊಣಗಿಕೊಂಡು, ಒಂದೆರಡು ಸಲ ಕದ್ದು ಸೇದಿ ಹೆಂಡತಿಯ ಕೈಗೆ ಸಿಕ್ಕಿಬಿದ್ದು, ಅಂತೂ ಬಿಟ್ಟ.

ಕೆಲವು ವಾರ ಬಿಟ್ಟು ಮತ್ತೆ ಅಳತೆ ತೆಗೆದರು. ಮೂರು, ಮೂರು, ನಾಲ್ಕು, ಮೂರು. ಒಳಗಿನ ಒಂದು ದವಡೆ ಹಲ್ಲಿನ ಬಳಿ ಮಾತ್ರ ಐದು ಇನ್ನೂ ಐದೇ ಆಗಿತ್ತು. ಅದನ್ನು ನೋಡುತ್ತಿರೋಣ, ಇಳಿಯದಿದ್ದರೆ ಸಣ್ಣ ಆಪರೇಷನ್ ಬೇಕಾಗಬಹುದು ಎಂದರು ಡಾಕ್ಟರು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಬರದಿದ್ದರೆ ಇದೇ ಕಥೆ ಮತ್ತೆ ಶುರುವಾಗುತ್ತದೆ ಎಂದು ಖಂಡಿತವಾಗಿ ಹೇಳಿದರು. ಆಮೇಲೆ ಕೆಳಗಿನ ಮುಂದಿನ ಹಲ್ಲನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಮೊದಲಿನಷ್ಟು ಜಗ್ಗಲಿಲ್ಲ. ಡಾಕ್ಟರು ನಕ್ಕರು, ಮೇಸ್ತ್ರಿಗೆ ಅಷ್ಟು ಸಾಕಾಯಿತು.

ಸಿಳ್ಳೆ ಮಾತ್ರ ಕೂಡಲೇ ಬರಲಿಲ್ಲ. ಹಲ್ಲಿನ ಪಕ್ಕದ ಸಂದು ಸಂದಾಗಿಯೇ ಉಳಿದಿತ್ತು. ನಾಲಿಗೆಯನ್ನು ಕೂದಲೆಳೆಯಷ್ಟು ಆಚೆ ಒತ್ತಿ, ಈಚೆ ಒತ್ತಿ, ಹೊಸ ಜಾಗ ಹುಡುಕಬೇಕಾಯಿತು. ರಾಟೆಯ ಜೊತೆಗಾರ ಅಷ್ಟು ದಿನ ಒಂದು ಸೈಕಲ್ ಬೆಲ್ಲನ್ನು ಅಟ್ಟಣಿಗೆಗೆ ಕಟ್ಟಿಕೊಟ್ಟಿದ್ದ. ಅಂಗಡಿ ಯಜಮಾನರು ಕುರ್ಚಿಯನ್ನು ಒಳಗೇ ಹಾಕಿಕೊಂಡಿದ್ದರು. ಒಂದು ಮಧ್ಯಾಹ್ನ ಅಟ್ಟಣಿಗೆಯಿಂದ ಉದ್ದಕ್ಕೆ ಒಂದು ಸಿಳ್ಳೆ ಬಂತು. ಕೆಳಗಿನಿಂದ ಗಾರೆ ಹೋಯಿತು. ಜೊತೆಗಾರ ಮೇಲೆ ಹತ್ತಿ ಬೆಲ್ಲು ಬಿಚ್ಚಿಕೊಂಡು ಹೋದ.

ಆ ಸಂಜೆ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಬೀದಿಯ ತಿರುವಿನಿಂದ ಸಿಳ್ಳೆ ಕೇಳಿತು. ಮೊದಲಿನದಕ್ಕಿಂತ ಸ್ವಲ್ಪ ದಪ್ಪ ದನಿ, ಕೊನೆಯಲ್ಲಿ ಕೊಂಚ ಗಾಳಿ. ಆದರೂ ಅವನದೇ. ಅವಳ ಕಣ್ಣಲ್ಲಿ ನೀರು ಬಂತು. ಟೀಗೆ ನೀರಿಟ್ಟು, ಬಾಗಿಲ ಬಳಿ ಬಂದು, ಚಿಲಕದ ಮೇಲೆ ಕೈಯಿಟ್ಟುಕೊಂಡೇ ತೆಗೆಯದೆ ನಿಂತಳು. ಹೆಜ್ಜೆ ಸಪ್ಪಳ ಹತ್ತಿರವಾಗಿ ಮೆಟ್ಟಿಲ ಬಳಿ ನಿಂತಿತು.

"ಯಾರು?" ಅಂದಳು ಅವಳು.

ಹೊರಗಿನಿಂದ ಇನ್ನೊಂದು ಸಿಳ್ಳೆ ಬಂತು. ಅವಳು ನಗುತ್ತಾ ಬಾಗಿಲು ತೆಗೆದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತು ರಾತ್ರಿ ಹಲ್ಲುಜ್ಜಿದ ಮೇಲೆ ಉಗುಳಿದ್ದನ್ನು ಒಮ್ಮೆ ನೋಡಿ. ಕೆಂಪಗಿದ್ದರೆ ಉಜ್ಜುವುದನ್ನು ಬಿಡಬೇಡಿ, ಹಲ್ಲಿನ ಡಾಕ್ಟರ ಹತ್ತಿರ ಹೋಗುವುದನ್ನೂ ಮುಂದೂಡಬೇಡಿ. ಒಸಡು ಊದಿದ್ದರೆ, ಬಾಯಿ ವಾಸನೆ ಬರುತ್ತಿದ್ದರೆ, ಹಲ್ಲಿನ ನಡುವೆ ಹೊಸದಾಗಿ ಸಂದು ಕಂಡರೆ ನೋವು ಬರಲಿ ಎಂದು ಕಾಯಬೇಡಿ. ಪಿನ್ನು, ಬ್ಲೇಡು ಹಿಡಿದು ಮನೆಯಲ್ಲೇ ಕೆರೆಯುವ ಸಾಹಸವೂ ಬೇಡ. ನಿಮಗಿರುವ ಕಾಯಿಲೆ, ನುಂಗುವ ಮಾತ್ರೆ, ಬಸಿರು, ಸಿಗರೇಟು, ಹೊಗೆಸೊಪ್ಪು, ಯಾವುದನ್ನೂ ಡಾಕ್ಟರಿಂದ ಮುಚ್ಚಿಡಬೇಡಿ. ಆಳದ ಕ್ಲೀನಿಂಗ್ ಬೇಕು ಎಂದರೆ ಹೆದರಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಧ ಬಾಯಿಗೆ ನಿಲ್ಲಿಸಬೇಡಿ. ನಿಮ್ಮ ನಗುವಿಗೋ, ಮಾತಿಗೋ, ಸಿಳ್ಳೆಗೋ ಕಿವಿಗೊಟ್ಟು ಮನೆಯಲ್ಲಿ ಯಾರೋ ಒಬ್ಬರು ಬಾಗಿಲ ಬಳಿ ಕಾಯುತ್ತಿರುತ್ತಾರೆ.